ಘಾಟಿಯಲ್ಲಿ ದಮ್ಮು ಕಟ್ಟುವ ಹಳೇ ಮನೆಗಾಡಿ: ತಪ್ಪು ಟೈರಿನದೋ, ಕ್ರೌನ್-ಪಿನಿಯನ್ನಿನದೋ?

ನಮ್ಮದು ಹಳೆಯ ಡೀಸೆಲ್ ವ್ಯಾನು. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಇಲ್ಲ. ಸೀಟು ತೆಗೆಸಿ ಮಂಚ, ಒಲೆ, ನೀರಿನ ಟ್ಯಾಂಕು, ಬ್ಯಾಟರಿ ಕೂರಿಸಿದ ಮೇಲೆ ಮನೆಯಲ್ಲಿ ಅದಕ್ಕೆ 'ಮನೆಗಾಡಿ' ಅಂತ ಹೆಸರು ಬಿತ್ತು. ಮೊದಲ ಸಲ ಮಡಿಕೇರಿಯಿಂದ ಸಂಪಾಜೆಗೆ ಇಳಿದೆವು. ವಾಪಸ್ ಹತ್ತುವಾಗ ಜೋಡುಪಾಲದ ಹತ್ತಿರ ನಮ್ಮ ಹಿಂದೆ ಮದುವೆ ದಿಬ್ಬಣದಷ್ಟು ಗಾಡಿಗಳು. ಎರಡನೇ ಗೇರಿನಲ್ಲಿ ಎಂಜಿನ್ ಅರಚುತ್ತಿತ್ತು, ಮೂರನೇದು ಹಾಕಿದರೆ ಸಾಯುತ್ತಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಡಿಫರೆನ್ಶಿಯಲ್, ಅಂದರೆ ಹಿಂದಿನ ಆಕ್ಸಲ್ಲಿನ ನಡುವೆ ಕ್ರೌನ್-ಪಿನಿಯನ್ ಅನ್ನುವ ಹಲ್ಲುಚಕ್ರಗಳ ಜೋಡಿ ಇರುವ ಭಾಗ, ಬದಲಿಸಿ ಅಂದರು. ಇನ್ನೊಬ್ಬರು ಎಂಜಿನ್ನೇ ಬದಲಿಸಿ ಅಂದರು. ಸುಳ್ಯದ ಮೇಸ್ತ್ರಿಯೊಬ್ಬರು ಮಾತ್ರ, "ಎಂತ ಮಾರಾಯ್ರೆ, ಮೊದಲು ತೂಕ ಹಾಕಿಸಿ" ಅಂದರು. ಅವರು ಹೇಳಿದ್ದೇ ಸರಿ ಇತ್ತು. ಅದು ಗೊತ್ತಾಗುವಷ್ಟರಲ್ಲಿ ನಾನು ಬೇಡದ ಕಡೆ ದುಡ್ಡು ಸುರಿದಾಗಿತ್ತು. ಅದಕ್ಕೇ ಇದನ್ನು ಪುಕ್ಕಟೆ ಪರೀಕ್ಷೆಯಿಂದ ಶುರುಮಾಡಿ ದುಬಾರಿ ಕೆಲಸದ ಕಡೆಗೆ ಬರೆದಿದ್ದೇನೆ. ನಿಮ್ಮ ಗಾಡಿಯಲ್ಲಿ ಯಾವ ಲಕ್ಷಣ ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು. ಇಳಿಜಾರಿನ ಬ್ರೇಕ್ ಬಗ್ಗೆ ಬರೆದದ್ದನ್ನು ಮಾತ್ರ ಎಲ್ಲರೂ ಓದಿ.

ಕೈ ಹಾಕುವ ಮೊದಲು: ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಗಾಡಿ ಸಮತಟ್ಟು ನೆಲದಲ್ಲಿರಲಿ. ನಮ್ಮೂರಿನಲ್ಲಿ ಅಂಥ ನೆಲ ಹುಡುಕುವುದೇ ಒಂದು ಕೆಲಸ, ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಎರಡು ನಿಮಿಷದ ಕೆಲಸವಾದರೂ ಬೇಡ.

ಲಕ್ಷಣ: ಎರಡರಲ್ಲಿ ಅರಚಾಟ, ಮೂರರಲ್ಲಿ ನರಳಾಟ

ಏರಿನಲ್ಲಿ ಸರಿಯಾದ ಗೇರೇ ಸಿಗುವುದಿಲ್ಲ ಅನ್ನಿಸುವುದು ಎಲ್ಲರ ಮೊದಲ ದೂರು. ತಕ್ಷಣ ಎಲ್ಲರೂ ಬೆರಳು ತೋರಿಸುವುದು ಆಕ್ಸಲ್ ಕಡೆಗೆ. ಆದರೆ ಇದೇ ಲಕ್ಷಣ ಇನ್ನೂ ಐದಾರು ಕಾರಣಕ್ಕೆ ಬರುತ್ತದೆ, ಅದರಲ್ಲಿ ಹೆಚ್ಚಿನವು ಅಗ್ಗದವು.

ಟೈರಿನ ಗಾಳಿ ನೋಡಿ. ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ. ಆಮೇಲೆ ಸಮತಟ್ಟು ರಸ್ತೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ನಡುವಿನ ಹಬ್ ಹತ್ತಿರ ಕೈಯ ಹಿಂಭಾಗ ಹಿಡಿಯಿರಿ. ಮುಟ್ಟಬೇಡಿ, ಸುಮ್ನೆ ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿದ್ದ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಡಿಸಿಕೊಳ್ಳದೇ ಇರುವುದು ಮಾಮೂಲು.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಫೆಬ್ರವರಿ, ಮಾರ್ಚಿನಲ್ಲಿ ತೋಟದ ರಸ್ತೆಯ ಕೆಂಪು ಧೂಳು ಕುಡಿದ ಫಿಲ್ಟರ್ ಒಂದೇ ಸೀಸನ್ನಿಗೆ ಗೋಣಿಚೀಲದ ಹಾಗಾಗುತ್ತದೆ. ಏರಿನಲ್ಲಿ ಕಪ್ಪು ಹೊಗೆ ಜಾಸ್ತಿಯಾಗಿದ್ದರೆ ಮೊದಲ ಅನುಮಾನ ಇದರ ಮೇಲೆ. ಹೊಗೆ ಇಲ್ಲ, ಎಳೆತವೂ ಇಲ್ಲ ಅಂದರೆ ಡೀಸೆಲ್ ಫಿಲ್ಟರ್ ನೋಡಿ.

ಕ್ಲಚ್ ಜಾರುತ್ತಿದೆಯಾ ಅಂತ ನೋಡಲು, ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿತು, ಗಾಡಿ ವೇಗ ಏರಲಿಲ್ಲ ಅಂದರೆ ಕ್ಲಚ್ ಪ್ಲೇಟ್ ಮುಗಿದಿದೆ. ಕ್ಲಚ್ ಜಾರುವ ಗಾಡಿಗೆ ಕ್ರೌನ್-ಪಿನಿಯನ್ ಬದಲಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಈಗ ತೂಕ. ಇದು ನನ್ನ ಕಣ್ಣು ತೆರೆಸಿದ ಪರೀಕ್ಷೆ. ಕಾಫಿ ಕ್ಯೂರಿಂಗ್ ಇರುವ ಕಡೆ, ಮರದ ಡಿಪೋ ಇರುವ ಕಡೆ ಗಾಡಿಯನ್ನೇ ತೂಗುವ ವೇಬ್ರಿಡ್ಜ್ ಇದ್ದೇ ಇರುತ್ತದೆ. ಕುಶಾಲನಗರಕ್ಕೆ ಹೋದರೆ ಹುಡುಕುವ ಕಷ್ಟವೂ ಇಲ್ಲ. ನೀರಿನ ಟ್ಯಾಂಕು ತುಂಬಿಸಿ, ಸಾಮಾನೆಲ್ಲ ಹಾಕಿ, ಎಂದಿನಂತೆ ಹೊರಡುವ ಜನರನ್ನೂ ಕೂರಿಸಿ ತೂಗಿಸಿ. ಆಮೇಲೆ ಹಿಂದಿನ ಚಕ್ರ ಮಾತ್ರ ಕಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಆರ್‌ಸಿಯಲ್ಲಿ ನಮ್ಮ ಗಾಡಿಯ ಒಟ್ಟು ತೂಕದ ಮಿತಿ 3,500 ಕಿಲೋ. ಚೀಟಿಯಲ್ಲಿ ಬಂದದ್ದು 3,940. ಹೆಚ್ಚುಕಮ್ಮಿ ಒಂಬತ್ತು ಚೀಲ ಕಾಫಿ ಸುಮ್ಮನೆ ಹೊತ್ತು ತಿರುಗುತ್ತಿದ್ದೆವು! ದಪ್ಪ ಪ್ಲೈವುಡ್ಡಿನ ಕಪಾಟು, ಗ್ರಾನೈಟಿನ ಅಡುಗೆ ಕಟ್ಟೆ, 200 ಲೀಟರಿನ ಟ್ಯಾಂಕು. ಗ್ರಾನೈಟ್ ಯಾರ ಐಡಿಯಾ ಅಂತ ಕೇಳಬೇಡಿ.

ತೂಕ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ನಾಲ್ಕು ಟನ್ ಗಾಡಿ 30 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಚಕ್ರದ ಹತ್ತಿರ ಸುಮಾರು 33 ಕುದುರೆಶಕ್ತಿ ಬೇಕು. ಅದೇ ಏರನ್ನು 45ರಲ್ಲಿ ಹತ್ತಲು ಸುಮಾರು 50 ಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರ್ ಎತ್ತರಕ್ಕೆ ಅಂದಾಜು ನೂರಕ್ಕೆ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರಿನಲ್ಲಿ. ಪುಸ್ತಕದಲ್ಲಿ 70 ಕುದುರೆಶಕ್ತಿ ಅಂತ ಬರೆದದ್ದು ಇಲ್ಲಿ 62 ಆಗುತ್ತದೆ. ಗೇರ್‌ಬಾಕ್ಸ್, ಆಕ್ಸಲ್ ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ ಸಿಗುವುದು 54ರ ಆಸುಪಾಸು. ಅದೂ ಎಂಜಿನ್ ಪೂರ್ತಿ ವೇಗದಲ್ಲಿ ತಿರುಗುವಾಗ ಮಾತ್ರ.

ಆಕ್ಸಲ್ ರೇಷಿಯೋ, ಅಂದರೆ ಕ್ರೌನ್-ಪಿನಿಯನ್ನಿನ ಹಲ್ಲುಗಳ ಲೆಕ್ಕ, ಬದಲಿಸಿದರೆ ಗಾಡಿಗೆ ಹೊಸ ಶಕ್ತಿ ಬರುವುದಿಲ್ಲ. ಇರುವ ಶಕ್ತಿ ಯಾವ ವೇಗದಲ್ಲಿ ಕೈಗೆ ಸಿಗಬೇಕು ಅನ್ನುವುದು ಮಾತ್ರ ಬದಲಾಗುತ್ತದೆ. ಒಂಬತ್ತು ಚೀಲ ಕೆಳಗಿಳಿಸುವುದಕ್ಕೆ ಖರ್ಚಿಲ್ಲ. ಅದನ್ನು ಮೊದಲು ಮಾಡಿ. ಹಿಂದಿನ ಚಕ್ರಗಳ ತೂಕ ಟೈರಿನ ಮಿತಿಯನ್ನೇ ದಾಟಿದೆ ಅಂತ ಚೀಟಿ ಹೇಳಿದರೆ ಅಲ್ಲಿಗೇ ನಿಲ್ಲಿ, ಸಾಮಾನು ಇಳಿಸದೆ ಘಾಟಿಗೆ ಹೋಗಬೇಡಿ.

ಲಕ್ಷಣ: ಮೀಟರ್ ಒಂದು ಹೇಳುತ್ತದೆ, ಫೋನ್ ಇನ್ನೊಂದು

ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸುಳಿವು ಇಲ್ಲ. ಹಳೆ ಗಾಡಿಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಬರುವುದು ಗೇರ್‌ಬಾಕ್ಸಿನಿಂದ. ಅದರಾಚೆಗಿನ ಆಕ್ಸಲ್ಲನ್ನೋ ಟೈರನ್ನೋ ಯಾರಾದರೂ ಬದಲಿಸಿದ್ದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ. ಅದು ಹಳೇ ಲೆಕ್ಕವನ್ನೇ ಹೇಳುತ್ತಾ ಕೂರುತ್ತದೆ.

ಬೈಲಕುಪ್ಪೆ ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವಾಗ ಪರೀಕ್ಷೆ ಮಾಡಿ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಫೋನಿನ ಜಿಪಿಎಸ್ 20 ಕಿಲೋಮೀಟರ್ ತೋರಿಸುವಾಗ ಗಾಡಿಯ ಮೀಟರ್ ಎಷ್ಟು ಓಡಿದೆ ಬರೆದುಕೊಳ್ಳಿ. ನಮ್ಮದು 18.9 ತೋರಿಸಿತು. ಅಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಒಂದೊಂದು ಸುತ್ತಿಗೆ ಗಾಡಿ ಲೆಕ್ಕಕ್ಕಿಂತ ನೂರಕ್ಕೆ ಆರರಷ್ಟು ಹೆಚ್ಚು ದೂರ ಹೋಗುತ್ತಿದೆ. ಮೀಟರ್ ಕಡಿಮೆ ತೋರಿಸಿದರೆ ಒಂದೋ ಟೈರ್ ದೊಡ್ಡದಾಗಿದೆ, ಇಲ್ಲವೇ ಆಕ್ಸಲ್ಲಿನ ರೇಷಿಯೋ ಅಂಕಿ ಇಳಿದಿದೆ. ಜಾಸ್ತಿ ತೋರಿಸಿದರೆ ಇದರ ಉಲ್ಟಾ. ಒಂದೆರಡು ಪರ್ಸೆಂಟ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಟೈರ್ ಸವೆದರೂ ಅಷ್ಟು ಬರುತ್ತದೆ.

ಮೊದಲು ಟೈರನ್ನೇ ನೋಡಿ. ಡ್ರೈವರ್ ಬಾಗಿಲ ಹತ್ತಿರದ ಪಟ್ಟಿಯಲ್ಲೋ, ಗಾಡಿಯ ಕೈಪಿಡಿಯಲ್ಲೋ ಕಂಪನಿ ಕೊಟ್ಟ ಅಳತೆ ಇರುತ್ತದೆ. ನಮ್ಮ ಗಾಡಿಗೆ ಇರಬೇಕಾದ್ದು 215/75 ಆರ್ 15. ಇದ್ದದ್ದು 225/75 ಆರ್ 16. ಹಿಂದಿನ ಮಾಲೀಕರು 'ಗಾಡಿ ಎತ್ತರ ಕಾಣಲಿ' ಅಂತ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಸಮೇತ ಬದಲಿಸಿದ್ದರು. ಈ ಅಂಕಿಗಳಿಂದ ಎತ್ತರ ಲೆಕ್ಕ ಹಾಕುವುದು ಸುಲಭ. ಅಗಲ 215 ಮಿ.ಮೀ., ಪಕ್ಕದ ಗೋಡೆ ಅದರ ನೂರಕ್ಕೆ 75, ಅಂದರೆ ಸುಮಾರು 161. ಮೇಲೊಂದು ಕೆಳಗೊಂದು ಗೋಡೆ, ಸೇರಿಸಿ 322. ನಡುವೆ 15 ಇಂಚಿನ ಡಿಸ್ಕ್, ಅಂದರೆ 381. ಒಟ್ಟು 703 ಮಿ.ಮೀ. ಇನ್ನೊಂದು ಟೈರ್ ಇದೇ ಲೆಕ್ಕದಲ್ಲಿ 744. ವ್ಯತ್ಯಾಸ ನೂರಕ್ಕೆ 5.8. ಮೀಟರ್ ಹೇಳಿದ್ದೂ ಅದೇ ಅಲ್ವಾ!

ನಿಮ್ಮದು 7.00-16, 7.50-16 ಥರದ ಹಳೇ ನಮೂನೆಯ ಅಳತೆಯಾದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ನೆಲದಲ್ಲೇ ಅಳೆಯಿರಿ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಸರಿಯಾಗಿ ಒಂದು ಸುತ್ತು ಬರುವಷ್ಟು ಗಾಡಿ ಮುಂದೆ ಬಿಡಿ, ಟೇಪ್ ಹಿಡಿಯಿರಿ. ಎಲ್ಲಕ್ಕಿಂತ ನಂಬಬಹುದಾದ ಅಂಕಿ ಇದೇ. ಗಾಡಿಯ ಭಾರಕ್ಕೆ ಟೈರ್ ಸ್ವಲ್ಪ ಕುಗ್ಗಿರುತ್ತದಲ್ಲ, ಅದೂ ಈ ಅಳತೆಯಲ್ಲಿ ಬಂದುಬಿಡುತ್ತದೆ. ನಮ್ಮ ದೊಡ್ಡ ಟೈರಿಗೆ 2.27 ಮೀಟರ್ ಬಂತು. ಕಂಪನಿ ಅಳತೆಯದಕ್ಕೆ 2.14.

ಟೈರ್ ಸರಿಯಿದ್ದೂ ಮೀಟರ್ ತಪ್ಪು ಹೇಳುತ್ತಿದ್ದರೆ ಆಕ್ಸಲ್ ಯಾರೋ ಬದಲಿಸಿರಬಹುದು. ಆಕ್ಸಲ್ ರೇಷಿಯೋ ಅಂದರೆ ಕ್ರೌನ್ ವೀಲಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವ ಅಂಕಿ. 39 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್ ಆದರೆ 4.875. ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ 4.875 ಸುತ್ತು ಬರಬೇಕು. ಕೆಲವು ಆಕ್ಸಲ್‌ಗಳ ಹೌಸಿಂಗ್ (ಹೊರಕವಚ) ಮೇಲೆ ಚಿಕ್ಕ ತಗಡಿನಲ್ಲಿ ಇದು ಕೆತ್ತಿರುತ್ತದೆ. ಹಳೇ ಗಾಡಿಯಲ್ಲಿ ಆ ತಗಡು ಉಳಿದಿರುವುದು ಅಪರೂಪ. ಉಳಿದಿದ್ದರೂ ಒಳಗಿರುವುದು ಅದೇ ಹಲ್ಲು ಅನ್ನುವ ಗ್ಯಾರಂಟಿ ಇಲ್ಲ.

ಬಿಚ್ಚದೆ ಕಂಡುಹಿಡಿಯಲು ನಾನು ಮಾಡಿದ್ದು ಹೀಗೆ. ಶಾಫ್ಟಿನ ಮೇಲೆ ಬಿಳಿ ಪೇಂಟಿನ ಗೆರೆ ಎಳೆದೆ. ಹಳೇ ಫೋನೊಂದನ್ನು ಚಾಸಿಗೆ ಕ್ಲಾಂಪ್ ಹಾಕಿ, ಶಾಫ್ಟ್ ಕಾಣುವಂತೆ, ಆದರೆ ಅದಕ್ಕೆ ತಗುಲದಷ್ಟು ದೂರದಲ್ಲಿ ಬಿಗಿದು ವಿಡಿಯೋ ಆನ್ ಮಾಡಿದೆ. ಕಣದಲ್ಲಿ ಫಸ್ಟ್ ಗೇರಿನಲ್ಲಿ ನೇರವಾಗಿ ತೆವಳುತ್ತಾ ಚಕ್ರ ಎಂಟು ಸುತ್ತು ಬರುವಷ್ಟು ಹೋದೆ. ಮಗಳು ಪಕ್ಕದಲ್ಲಿ, ಗಾಡಿಗೆ ಅಂತರ ಬಿಟ್ಟು ನಡೆಯುತ್ತಾ ಚಕ್ರದ ಸುತ್ತು ಜೋರಾಗಿ ಎಣಿಸಿದಳು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ಶಾಫ್ಟ್ 39 ಸುತ್ತು. ಜಾಕ್ ಬೇಡ, ಯಾರೂ ಗಾಡಿ ಕೆಳಗೆ ಮಲಗುವುದೂ ಬೇಡ. ತಿರುಗಿಸಿಕೊಂಡು ಹೋದರೆ ಒಂದು ಚಕ್ರ ಜಾಸ್ತಿ, ಇನ್ನೊಂದು ಕಡಿಮೆ ತಿರುಗಿ ಲೆಕ್ಕ ತಪ್ಪುತ್ತದೆ, ಅದಕ್ಕೇ ನೇರ ಹೋಗಬೇಕು.

ದೊಡ್ಡ ಟೈರ್ ಹಾಕಿದಾಗ ರೇಷಿಯೋ ಇದ್ದಲ್ಲೇ ಇದ್ದರೂ ಗಾಡಿಯ ನಡವಳಿಕೆ ಬದಲಾಗುತ್ತದೆ. 4.875 ಅನ್ನು 703ರಿಂದ ಗುಣಿಸಿ 744ರಿಂದ ಭಾಗಿಸಿದರೆ 4.61. ನಮ್ಮ ವ್ಯಾನು 4.61 ಆಕ್ಸಲ್ ಹಾಕಿದ ಹಾಗೆ ಓಡುತ್ತಿತ್ತು. ಇಷ್ಟಕ್ಕೇನಾ ಅನ್ನಿಸಬಹುದು. ಆರು ಪರ್ಸೆಂಟ್ ಟೈರಿನದು, ಹದಿಮೂರು ಪರ್ಸೆಂಟ್ ತೂಕದ್ದು, ಹನ್ನೊಂದು ಪರ್ಸೆಂಟ್ ಊರಿನ ಎತ್ತರದ್ದು. ಮೂರೂ ಸೇರಿ ಒಂದೇ ತಿರುವಿನಲ್ಲಿ ಬಂದು ಕೂತರೆ ಎಂಜಿನ್ ಏನು ಮಾಡೀತು?

ಲಕ್ಷಣ: ಹುಣಸೂರು ರಸ್ತೆಯಲ್ಲಿ 60 ದಾಟಿದರೆ ಒಳಗೆ ಮಾತೇ ಕೇಳಿಸುವುದಿಲ್ಲ

ಇದು ಉಲ್ಟಾ ಕಾಯಿಲೆ. ಘಾಟಿಯಲ್ಲಿ ಗಾಡಿ ಕುರಿಯ ಹಾಗೆ ಹತ್ತುತ್ತದೆ, ಬಯಲಿಗೆ ಬಂದರೆ ಎಂಜಿನ್ ಬೊಬ್ಬೆ ಹಾಕುತ್ತದೆ, ಡೀಸೆಲ್ ಕುಡಿಯುತ್ತದೆ. ಟೈರ್ ಚಿಕ್ಕದಾಗಿದೆ ಅಥವಾ ರೇಷಿಯೋ ಅಂಕಿ ತೀರಾ ದೊಡ್ಡದಿದೆ ಎಂದರ್ಥ. ಲಾರಿಯಿಂದಲೋ ಸ್ಕೂಲ್ ಬಸ್ಸಿನಿಂದಲೋ ಬಂದ ಆಕ್ಸಲ್ ಇದ್ದರೆ ಹೀಗಾಗುತ್ತದೆ.

ಆದರೆ ಐದನೇ ಗೇರ್ ನಿಜವಾಗಿ ಬೀಳುತ್ತಿದೆಯಾ ಅಂತ ಮೊದಲು ನೋಡಿ. ನಗಬೇಡಿ. ಲಿಂಕೇಜ್ ಸವೆದ ಗಾಡಿಯಲ್ಲಿ ಐದು ಅಂತ ಮೂರಕ್ಕೆ ಹಾಕಿಕೊಂಡು ಹೋಗುವವರನ್ನು ನಾನು ನೋಡಿದ್ದೇನೆ.

ಎಂಜಿನ್ ವೇಗ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ ಸರಿಯಾಗಿ 1,000 ಮೀಟರ್. ಅದನ್ನು ನೀವು ನೆಲದಲ್ಲಿ ಅಳೆದ ಚಕ್ರದ ಸುತ್ತಳತೆಯಿಂದ ಭಾಗಿಸಿ. 2.14 ಆದರೆ ನಿಮಿಷಕ್ಕೆ 467 ಸುತ್ತು. ಇದನ್ನು 4.875ರಿಂದ ಗುಣಿಸಿದರೆ ಡೈರೆಕ್ಟ್ ಗೇರಿನಲ್ಲಿ (ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವ ಗೇರ್) ಎಂಜಿನ್ 2,280ರ ಹತ್ತಿರ ತಿರುಗುತ್ತದೆ. ಐದನೇ ಗೇರ್ ಓವರ್‌ಡ್ರೈವ್ 0.8 (ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ 0.8 ಸುತ್ತು) ಆದರೆ 1,820. 80ರಲ್ಲಿ ಎಷ್ಟು ಅನ್ನುವುದಕ್ಕೆ ಮೂರನೇ ಒಂದು ಭಾಗ ಸೇರಿಸಿ, ಅಷ್ಟೆ. ಬಂದ ಅಂಕಿಯನ್ನು ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುವ ಗರಿಷ್ಠ ಟಾರ್ಕಿನ (ತಿರುಗಿಸುವ ಬಲದ) ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಜೊತೆ ಹೋಲಿಸಿ. ಬಯಲಿನಲ್ಲಿ ಆರಾಮಾಗಿ ಹೋಗುವಾಗ ಅದರ ಆಸುಪಾಸಿನಲ್ಲಿದ್ದರೆ ರೇಷಿಯೋ ಸರಿ ಇದೆ.

ಅಮೆರಿಕದ ಹಳೇ ಮೋಟರ್‌ಹೋಮ್‌ಗಳ ಬಗ್ಗೆ ಓದಿ 4.10, 4.56 ಅಂತ ಅಂಕಿ ಹಿಡಿದುಕೊಂಡು ಬರುವವರಿದ್ದಾರೆ. ಅಲ್ಲಿನವಕ್ಕೆ ದೊಡ್ಡ ಪೆಟ್ರೋಲ್ ವಿ8 ಎಂಜಿನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್. 4,000 ಆರ್‌ಪಿಎಂ ಅವುಗಳಿಗೆ ಲೆಕ್ಕವಿಲ್ಲ. ಅದೇ ಅಂಕಿಯನ್ನು ನಮ್ಮ ಹಳೇ ಡೀಸೆಲ್ಲಿಗೆ ಕಟ್ಟಿದರೆ ಸುಂಟಿಕೊಪ್ಪದ ಏರಿನಲ್ಲೇ ಬುದ್ಧಿ ಬರುತ್ತದೆ.

ಲಕ್ಷಣ: ಇಳಿಯುವಾಗ ಸುಟ್ಟ ವಾಸನೆ, ಪೆಡಲ್ ಮೆತ್ತಗೆ

ರೇಷಿಯೋ ಬಗ್ಗೆ ಮಾತಾಡುವವರೆಲ್ಲ ಹತ್ತುವುದನ್ನೇ ಮಾತಾಡುತ್ತಾರೆ. ಹತ್ತದಿದ್ದರೆ ಗಾಡಿ ನಿಲ್ಲುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇಳಿಯುವಾಗ ನಿಲ್ಲದಿದ್ದರೆ? ಕೊಡಗಿನಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದು ಇಳಿಜಾರು ಕಾದಿರುತ್ತದೆ. ಸಂಪಾಜೆ ಕಡೆ, ಮಾಕುಟ್ಟ ಕಡೆ, ಭಾಗಮಂಡಲದಿಂದ ಕರಿಕೆ ಕಡೆ. ಆದ್ದರಿಂದ ನಮ್ಮಲ್ಲಿ ಟೈರು, ರೇಷಿಯೋ ಎರಡನ್ನೂ ಇಳಿತ ನೋಡಿ ಆರಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಮಡಿಕೇರಿಯಿಂದ ಸಂಪಾಜೆಗೆ ಹತ್ತಿರ ಹತ್ತಿರ ಒಂದು ಸಾವಿರ ಮೀಟರ್ ಇಳಿತ. ನಾಲ್ಕು ಟನ್ ಗಾಡಿ ಅಷ್ಟು ಇಳಿಯುವಾಗ ಹೊರಬೀಳುವ ಶಕ್ತಿಯಲ್ಲಿ ಸುಮಾರು 125 ಲೀಟರ್ ನೀರು ಕುದಿಸಬಹುದು. ಬಚ್ಚಲು ಮನೆಯ ದೊಡ್ಡ ಹಂಡೆ ತುಂಬ ನೀರು ಅಂದುಕೊಳ್ಳಿ. ಎಂಜಿನ್ ಅದರಲ್ಲಿ ತನ್ನ ಪಾಲು ಹೊರದಿದ್ದರೆ ಆ ಕಾವೆಲ್ಲ ಬ್ರೇಕ್ ಡ್ರಮ್ಮಿಗೆ.

ಟೈರ್ ದೊಡ್ಡದಾದರೆ ಇಲ್ಲಿ ಎರಡು ಕಡೆ ಪೆಟ್ಟು. ಎಂಜಿನ್ ಬ್ರೇಕಿನ ಹಿಡಿತ ಆರು ಪರ್ಸೆಂಟ್ ಕಡಿಮೆ. ಡ್ರಮ್ ಅದೇ, ಚಕ್ರ ಎತ್ತರ, ಹಾಗಾಗಿ ಕಾಲಲ್ಲಿ ಒತ್ತುವ ಬ್ರೇಕಿನ ಹಿಡಿತವೂ ರಸ್ತೆಯ ಹತ್ತಿರ ಅಷ್ಟೇ ಕಡಿಮೆ. ಮೇಲೆ ಒಂಬತ್ತು ಚೀಲದ ಭಾರ ಬೇರೆ.

ವಾಸನೆ ಬಂದರೆ ಅಥವಾ ಪೆಡಲ್ ಎಂದಿಗಿಂತ ಕೆಳಗೆ ಹೋದರೆ ಮುಂದಿನ ಅಗಲವಾದ ಜಾಗದಲ್ಲಿ ನಿಲ್ಲಿಸಿ. ಗೇರಿನಲ್ಲೇ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಆರಿದ ಮೇಲೆ ಪೆಡಲ್ ಗಟ್ಟಿಯಾಗಿದ್ದರೆ ಎರಡನೇ ಗೇರಿನಲ್ಲಿ ನಿಧಾನ ಇಳಿಯಿರಿ. ಆರಿದ ಮೇಲೂ ಮೆತ್ತಗಿದ್ದರೆ ಇನ್ನು ಓಡಿಸುವ ಮಾತು ಬೇಡ. ಟೋ ಮಾಡಿಸಿ.

ಆಮೇಲೆ ಪರೀಕ್ಷೆ. ಮೊದಲು ನಿಮ್ಮ ಅಭ್ಯಾಸ ನೋಡಿ. ಹತ್ತಲು ಬೇಕಾದ ಗೇರಿಗಿಂತ ಮೇಲಿನದರಲ್ಲಿ ಇಳಿಯುತ್ತಿದ್ದೀರಾ? ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುತ್ತೀರಾ? ಎರಡೂ ಬೇಡ. ಹಾಗಂತ ತೀರಾ ಕೆಳಗಿನ ಗೇರಿನಲ್ಲಿ ವೇಗವಾಗಿಯೂ ಇಳಿಯಬೇಡಿ. ಚಕ್ರವೇ ಎಂಜಿನ್ನನ್ನು ತಿರುಗಿಸುವಾಗ, ಡೀಸೆಲ್ ಹಿಡಿದು ಎಂಜಿನ್ ವೇಗ ಮಿತಿಯಲ್ಲಿಡುವ ಗವರ್ನರ್ ಅದನ್ನು ತಡೆಯಲಾರದು. ಮಿತಿ ಮೀರಿ ತಿರುಗಿದರೆ ವಾಲ್ವ್ ಬಾಗುತ್ತದೆ.

ಅದಾದ ಮೇಲೆ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕೇಳಬೇಕೇ? ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಕನಿಷ್ಠ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಬಣ್ಣ ಚೆನ್ನಾಗಿದೆ ಅಂತ ಬಿಡಬೇಡಿ.

ಇಷ್ಟಾದ ಮೇಲೂ ಎರಡನೇ ಗೇರ್ ಗಾಡಿಯನ್ನು ಹಿಡಿಯುತ್ತಿಲ್ಲ, ಪದೇ ಪದೇ ಬ್ರೇಕ್ ಬೇಕಾಗುತ್ತಿದೆ ಅಂದರೆ ಆಗ ಟೈರ್, ರೇಷಿಯೋ ಕಡೆ ತಿರುಗಿ.

ಲಕ್ಷಣ: ತಿರುಗಿಸಿದರೆ ಟೈರ್ ಉಜ್ಜುವ ಸದ್ದು

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಳಗಡೆ ಟಾರ್ಚ್ ಬಿಡಿ. ಉಜ್ಜಿದ ಕಡೆ ಬಣ್ಣ ಹೋಗಿ ಹೊಳೆಯುತ್ತಿರುತ್ತದೆ. ಬ್ರೇಕ್ ಪೈಪಿನ ಹತ್ತಿರ ಉಜ್ಜುತ್ತಿದ್ದರೆ ಆ ಟೈರಿನಲ್ಲಿ ಇನ್ನೊಂದು ಕಿಲೋಮೀಟರೂ ಬೇಡ. ಹಿಂದೆ ಜೋಡಿ ಟೈರ್ ಇದ್ದರೆ ಎರಡರ ನಡುವಿನ ಸಂದು ನೋಡಿ. ಭಾರ ಹಾಕಿದಾಗ ಕೆಳಭಾಗದಲ್ಲಿ ಒಂದಕ್ಕೊಂದು ತಾಗಿದರೆ ಕಾವಿಗೆ ಎರಡೂ ಹಾಳು.

ಟೈರಿನ ಮೇಲಿನ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಗುರುತು, ಓದಿ. 106 ಅಂದರೆ 950 ಕಿಲೋ, 112 ಅಂದರೆ 1,120 ಕಿಲೋ. 113/111 ಅಂತ ಎರಡು ಅಂಕಿ ಇದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿಗೆ. ವೇಬ್ರಿಡ್ಜ್ ಚೀಟಿಯ ಹಿಂದಿನ ತೂಕವನ್ನು ಹಿಂದಿನ ಟೈರುಗಳಿಗೆ ಹಂಚಿ ನೋಡಿ. ಕಾರಿನ ಟೈರ್ ಅಳತೆ ಕೂಡುತ್ತದೆ ಅಂತ ಹಾಕಿದವರಿದ್ದಾರೆ. ಹಾಗೆ ಮಾಡಲೇಬೇಡಿ. ನಾಲ್ಕು ಅಂಕಿಯ ತಯಾರಿ ಗುರುತನ್ನೂ ನೋಡಿ. 2319 ಅಂದರೆ 2019ರ 23ನೇ ವಾರ. ಮನೆಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಹಲ್ಲು ಚೆನ್ನಾಗಿದ್ದೂ ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ಹಲ್ಲಿನ ಆಳ ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು. ನಮ್ಮ ಮಳೆಗೆ ಅದು ಸಾಲದು, 3 ಆದಾಗಲೇ ಬದಲಿಸುತ್ತೇನೆ.

ಲಕ್ಷಣ: ಹಿಂದುಗಡೆಯಿಂದ ಊಳಿಡುವ ಸದ್ದು

ಡಾಂಬರು ಬದಲಾದಾಗ ಸದ್ದೂ ಬದಲಾದರೆ ಅದು ಟೈರಿನದು. ಎಡಕ್ಕೋ ಬಲಕ್ಕೋ ವಾಲಿದಾಗ ಹೆಚ್ಚುಕಮ್ಮಿಯಾದರೆ ಚಕ್ರದ ಬೇರಿಂಗ್. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಕ್ರೌನ್-ಪಿನಿಯನ್. ಗಾಡಿ ಹೊರಡುವಾಗ ಒಮ್ಮೆ 'ಟಕ್' ಅಂದರೆ ಮೊದಲು ಶಾಫ್ಟಿನ ಕೀಲು, ಅಂದರೆ ಯುಜೆ ಕ್ರಾಸ್ ನೋಡಿ. ಅದು ಅಗ್ಗದ ಕೆಲಸ.

ಸದ್ದು ಕೇಳಿದ ಕೂಡಲೇ ಇಳಿದು ಬಗ್ಗಿ ನೋಡುವುದು ಸಹಜ. ಆನೆಚೌಕೂರು ಕಾಡಿನ ರಸ್ತೆಯಲ್ಲಿ ಮಾತ್ರ ಆ ಸಾಹಸ ಬೇಡ. ಅಲ್ಲಿ ಹಿಂದಿನಿಂದ ಬರುವ ಸದ್ದು ಬೇರೆಯವರದೂ ಆಗಿರಬಹುದು.

ಆಕ್ಸಲ್ ಆಯಿಲ್ ಮಟ್ಟ ನೋಡಿ. ಗ್ಯಾರೇಜಿನಲ್ಲಿ '90 ನಂಬರ್' ಅಂತಾರೆ. ಕೈಪಿಡಿಯಲ್ಲಿ ಆಯಿಲ್ ದರ್ಜೆ ಜಿಎಲ್-5 ಅಂತ ಇದ್ದರೆ ಅದನ್ನೇ ಕೇಳಿ ಹಾಕಿಸಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ನಾಪೋಕ್ಲು, ಭಾಗಮಂಡಲ ಕಡೆ ರಸ್ತೆ ಮೇಲೆ ಹೊಳೆ ಬಂದಾಗ ದಾಟಿಸಿದ ಗಾಡಿಗಳಲ್ಲಿ ಇದು ಸಿಗುತ್ತದೆ. ಬೆರಳಿಗೆ ಮಿನುಗುವ ಲೋಹದ ಚೂರು ಸಿಕ್ಕಿದರೆ ಗಾಡಿ ಓಡಿಸಬೇಡಿ. ಹಲ್ಲು ಮುರಿದು ಆಕ್ಸಲ್ ಹಿಡಿದುಕೊಂಡರೆ ಹಿಂದಿನ ಚಕ್ರಗಳು ರಸ್ತೆಯಲ್ಲೇ ಕಚ್ಚಿ ನಿಲ್ಲುತ್ತವೆ.

ಹೌಸಿಂಗ್ ಮೇಲಿರುವ ಚಿಕ್ಕ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ತೂತು) ಅನ್ನು ಯಾರೂ ನೋಡುವುದಿಲ್ಲ. ಕೆಂಪು ಕೆಸರು ಅದನ್ನು ಮುಚ್ಚಿದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ. ಸೀಲ್ ಮೂರು ಸಲ ಬದಲಿಸಿದರೂ ಸೋರುವುದು ನಿಲ್ಲಲಿಲ್ಲ ಅನ್ನುವವರು ಒಮ್ಮೆ ಬ್ರೀದರ್ ಕ್ಲೀನ್ ಮಾಡಿ ನೋಡಿ.

ಎಲ್ಲ ನೋಡಿದ ಮೇಲೂ ಅದೇ ಕಥೆಯಾದರೆ

ನಾವು ಗ್ರಾನೈಟ್ ಇಳಿಸಿದೆವು, ಟ್ಯಾಂಕು 80 ಲೀಟರಿಗೆ ಇಳಿಸಿದೆವು, ಕಪಾಟು ಹಗುರ ಮಾಡಿಸಿದೆವು. ಆಮೇಲೆ ಕಂಪನಿ ಅಳತೆಯ ಟೈರಿಗೆ ವಾಪಸ್ ಬಂದೆವು. ಇದರಲ್ಲಿ ಕಾನೂನಿನ ತಂಟೆಯೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಅಳತೆ ಮೀರಿದ ಟೈರ್ ಎಫ್‌ಸಿಯಲ್ಲೂ ಇನ್ಶೂರೆನ್ಸಿನಲ್ಲೂ ತಕರಾರು ತರಬಹುದು. ಒಳಗಿನ ಮಂಚ, ಒಲೆಯ ವಿಷಯವನ್ನೂ ಮೊದಲೇ ಆರ್‌ಟಿಓದಲ್ಲಿ ಕೇಳಿಕೊಳ್ಳಿ.

ನಮ್ಮ ಗೇರ್‌ಬಾಕ್ಸಿನಲ್ಲಿ ಮೂರನೇ ಗೇರ್ 1.6. ಘಾಟಿಯಲ್ಲಿ 30ರಲ್ಲಿ ಹತ್ತುವಾಗ ದೊಡ್ಡ ಟೈರಿನಲ್ಲಿ ಎಂಜಿನ್ 1,720 ತಿರುಗುತ್ತಿತ್ತು. ಕಂಪನಿ ಟೈರಿನಲ್ಲಿ 1,820. ನಮ್ಮ ಎಂಜಿನ್ನಿನ ಟಾರ್ಕ್ ತುದಿ 1,800. ನೂರು ಸುತ್ತಿನ ವ್ಯತ್ಯಾಸ, ಆದರೆ ಮೂರನೇ ಗೇರ್ ನಿಲ್ಲುತ್ತದೋ ಬೀಳುತ್ತದೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತಿತ್ತು. ಆಕ್ಸಲ್ ಮುಟ್ಟುವ ಅಗತ್ಯವೇ ಬರಲಿಲ್ಲ.

ನಿಮಗೆ ಬಂದರೆ ಮೊದಲು ಕಾಗದದ ಮೇಲೆ ನೋಡಿ. ನಮ್ಮದಕ್ಕೆ 43/8 ಹಲ್ಲಿನ 5.375 ಹಾಕಿದ್ದರೆ ಕಂಪನಿ ಟೈರಿನಲ್ಲಿ ಮೂರನೇ ಗೇರಿನ 30ರಲ್ಲಿ 2,010 ಆರ್‌ಪಿಎಂ ಸಿಗುತ್ತಿತ್ತು. ಏರಿಗೂ ಇಳಿತಕ್ಕೂ ಸೊಗಸು. ಬಯಲಿನಲ್ಲಿ 80ಕ್ಕೆ ಡೈರೆಕ್ಟ್ ಗೇರಿನಲ್ಲಿ 3,350, ಅದು ಹಿಂಸೆ. ಐದನೇ ಓವರ್‌ಡ್ರೈವ್ ಇದ್ದರೆ 2,680, ಸಹಿಸಬಹುದು. ಓವರ್‌ಡ್ರೈವ್ ಇಲ್ಲದ ನಾಲ್ಕು ಗೇರಿನ ಗಾಡಿಗೆ ನಾನಾದರೆ ಇಷ್ಟು ದೊಡ್ಡ ಬದಲಾವಣೆ ಮಾಡುವುದಿಲ್ಲ. ಹೆಚ್ಚು ಓಡಾಟ ಜಿಲ್ಲೆಯೊಳಗೇ ಆದರೆ ಮಾಡುತ್ತೇನೆ, 60ರಲ್ಲಿ ಮೈಸೂರಿಗೆ ಹೋಗುತ್ತೇನೆ.

ಕ್ರೌನ್ ಒಂದು ಕಡೆಯದು, ಪಿನಿಯನ್ ಇನ್ನೊಂದು ಕಡೆಯದು ಗುಜರಿಯಲ್ಲಿ ಹೊಂದಿಸಬೇಡಿ. ಇವೆರಡೂ ಜೋಡಿಯಾಗಿಯೇ ತಿಕ್ಕಿ ತಯಾರಾದವು, ಜೋಡಿ ನಂಬರ್ ಇರುತ್ತದೆ. ಕೂರಿಸುವಾಗ ಹಲ್ಲಿನ ಸಡಿಲ ಡಯಲ್ ಗೇಜಿನಲ್ಲಿ ಅಳೆಯಬೇಕು, ಬಣ್ಣ ಹಚ್ಚಿ ಹಲ್ಲು ಎಲ್ಲಿ ತಾಗುತ್ತದೆ ನೋಡಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಡಯಲ್ ಗೇಜ್ ಇದೆಯಾ ಅಂತ ಗ್ಯಾರೇಜಿನಲ್ಲಿ ಕೇಳಿ. 'ಕೈ ಅಂದಾಜಿನಲ್ಲೇ ಸರಿ ಮಾಡ್ತೇವೆ' ಅಂದರೆ ನಮಸ್ಕಾರ ಹೇಳಿ ಬನ್ನಿ.

ಹೊಸ ಜೋಡಿ ಹಾಕಿಸಿದ ಮೇಲೆ ಮೊದಲ 500 ಕಿಲೋಮೀಟರ್ ಭಾರ ಹಾಕಬೇಡಿ, ಘಾಟಿಗೆ ಹೋಗಬೇಡಿ. ಮೊದಲ ದಿನ ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹೌಸಿಂಗಿಗೆ ಎರಡು ಹನಿ ನೀರು ಚಿಮುಕಿಸಿ. ಸುರಿಯಬೇಡಿ, ಎರಡೇ ಹನಿ. ಚುರ್ ಅಂದರೆ ಜೋಡಣೆ ತೀರಾ ಬಿಗಿಯಾಗಿದೆ, ತಣ್ಣಗಾದ ಮೇಲೆ ಗ್ಯಾರೇಜಿಗೆ ವಾಪಸ್ ಒಯ್ಯಿರಿ. ಸುಮ್ಮನೆ ಹರಿದು ಇಳಿದರೆ ಓಡಿಸಿ, 500 ಆದ ಮೇಲೆ ಆಯಿಲ್ ಬದಲಿಸಿ. ಸ್ಪೀಡೋಮೀಟರ್ ಈಗ ಮತ್ತೆ ಸುಳ್ಳು ಹೇಳುತ್ತಿರುತ್ತದೆ. ಫೋನ್ ಜೊತೆ ಇನ್ನೊಮ್ಮೆ ಹೋಲಿಸಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.